ಗುಡಧಾನೆಯೂ ಹುರಿಹಿಟ್ಟೂ: ಹಾಸನ ಸೀಮೆಯ ಹುರಿದ ಧಾನ್ಯಗಳ ವಿಚಾರ

ಹಾಸನ ಸೀಮೆಯ ಚರಿತ್ರೆಯನ್ನು ಬರೆಯಲು ತೊಡಗುವವರಿಗೆ ಸಾಮಗ್ರಿಯ ಕೊರತೆಯಿಲ್ಲ. ಬಿ. ಎಲ್. ರೈಸ್ ಮಹಾಶಯರು 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಐದನೆಯ ಸಂಪುಟವು ಈ ಜಿಲ್ಲೆಯ ಶಾಸನಗಳಿಗೇ ಮೀಸಲಾದುದು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕಂತೂ ಅದೇ ಮಾಲೆಯಲ್ಲಿ 1889ರಲ್ಲಿ ಒಂದು ಪ್ರತ್ಯೇಕ ಸಂಪುಟವೂ, 1923ರಲ್ಲಿ ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದ ಆವೃತ್ತಿಯೂ ಹೊರಬಂದಿವೆ. ಇವುಗಳಿಂದ ಅರಸರ ವಂಶಾವಳಿ, ದೇವಾಲಯಗಳ ನಿರ್ಮಾಣ, ನೈವೇದ್ಯಕ್ಕೆ ಬಿಟ್ಟ ಗದ್ದೆ, ನಂದಾದೀಪದ ಎಣ್ಣೆ, ಗಾಣದೆರೆ ಮೊದಲಾದುವು ನಮಗೆ ತಿಳಿದುಬರುತ್ತವೆ. ಆದರೆ ಆ ಗದ್ದೆಯನ್ನು ಉತ್ತವನು ಮಧ್ಯಾಹ್ನ ಬದುವಿನ ಮೇಲೆ ಕುಳಿತು ಏನನ್ನು ತಿಂದನು, ಬೆಟ್ಟವನ್ನು ಹತ್ತಬಂದ ಯಾತ್ರಿಕನು ಬುತ್ತಿಯಲ್ಲಿ ಏನನ್ನು ಕಟ್ಟಿಕೊಂಡು ಬಂದನು ಎಂದು ಕೇಳಿದರೆ ಕಲ್ಲು ಮಾತನಾಡುವುದಿಲ್ಲ. ಮನೆಯ ಬಾಣಲೆಯಲ್ಲಿ ಹುರಿದ ಕಾಳು ತೆರಿಗೆಗೂ ಒಳಪಡದು, ದತ್ತಿಗೂ ಒಳಪಡದು. ಆದಕಾರಣ ಅದನ್ನು ಕೆತ್ತಿಸುವ ಅವಶ್ಯಕತೆ ಯಾರಿಗೂ ತೋರಲಿಲ್ಲ.

ಇಂತಹ ವಿಷಯಗಳಲ್ಲಿ ಶಬ್ದಗಳೇ ನಮಗೆ ಶಾಸನಗಳು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳ ಮನೆಗಳಲ್ಲಿ ಬಳಕೆಯಲ್ಲಿರುವ ಹುರಿಹಿಟ್ಟು, ಅರಳು, ಪುರಿ, ತಂಬಿಟ್ಟು ಎಂಬ ಹೆಸರುಗಳನ್ನು ಸಂಸ್ಕೃತದ ಧಾನಾ, ಲಾಜ, ಸಕ್ತು, ಪೃಥುಕಗಳೊಡನೆ ಇಟ್ಟು ನೋಡಿದರೆ ಎರಡು ಪ್ರಯೋಜನಗಳುಂಟು. ಮೊದಲನೆಯದು, ಈ ಭಕ್ಷ್ಯಗಳ ಪೂರ್ವಸ್ಥಿತಿಯು ಗೊತ್ತಾಗುವುದು. ಎರಡನೆಯದು ಅಧ್ಯಾಪಕರಿಗೆ ಸಂಬಂಧಿಸಿದುದು: ತರಗತಿಗಳಲ್ಲಿ ಧಾನಾಶಬ್ದಕ್ಕೆ 'ಧಾನ್ಯ'ವೆಂದೂ, ಲಾಜಶಬ್ದಕ್ಕೆ 'ಅಕ್ಕಿ'ಯೆಂದೋ 'ಮಂಡಕ್ಕಿ'ಯೆಂದೋ ಅರ್ಥ ಹೇಳುವುದು ಈಚೆಗೆ ರೂಢಿಯಾಗುತ್ತಿದೆ. ಈ ಅರ್ಥಗಳು ತಪ್ಪು. ತಪ್ಪಿಗೆ ಕಾರಣ ಪಾಂಡಿತ್ಯದ ಅಭಾವವಲ್ಲ. ಪದಾರ್ಥವೇ ಕಣ್ಣಮುಂದಿನಿಂದ ಸರಿದುಹೋಗುತ್ತಿರುವುದು.

ವ್ಯಾಕರಣದಿಂದಲೇ ಆರಂಭಿಸೋಣ. ಪಾಣಿನಿಯ ಎರಡನೆಯ ಅಧ್ಯಾಯದ ಮೊದಲನೆಯ ಪಾದದ 35ನೆಯ ಸೂತ್ರವು, ಬೆರಸುವ ಪದಾರ್ಥವನ್ನು ಹೇಳುವ ತೃತೀಯಾಂತಪದವು ಭಕ್ಷ್ಯವಾಚಕಪದದೊಡನೆ ಸಮಾಸವಾಗುವುದೆಂದು ವಿಧಿಸುತ್ತದೆ. ಕಾಶಿಕಾಕಾರರು ಕೊಡುವ ಉದಾಹರಣೆ 'ಗುಡಧಾನಾಃ' ಎಂಬುದು. ಬೆಲ್ಲದಿಂದ ಬೆರಸಲ್ಪಟ್ಟ ಧಾನೆಗಳು ಎಂದರ್ಥ. ಅದರ ಬೆನ್ನಿಗೇ 'ಗುಡಪೃಥುಕಾಃ', ಎಂದರೆ ಬೆಲ್ಲದವಲಕ್ಕಿ. ಇದರ ಹಿಂದಿನ ಸೂತ್ರವು ಅನ್ನಕ್ಕೆ ಸಂಬಂಧಪಟ್ಟುದು. ಅಲ್ಲಿಯ ಉದಾಹರಣೆ ದಧ್ಯೋದನ, ನಮ್ಮ ಮೊಸರನ್ನ. ಬೆಲ್ಲ, ಧಾನೆ ಎಂಬ ಎರಡು ಪದಗಳಲ್ಲಿ 'ಬೆರಸು' ಎಂಬ ಕ್ರಿಯೆಯೇ ಕಾಣುವುದಿಲ್ಲವಲ್ಲ, ಸಾಮರ್ಥ್ಯವಿಲ್ಲದೆ ಸಮಾಸವು ಹೇಗೆ ಆದೀತು ಎಂದು ಶಂಕೆ ಹುಟ್ಟುತ್ತದೆ. ಬೆರಸುವ ಕ್ರಿಯೆಯು ವೃತ್ತಿಯಲ್ಲಿಯೇ ಅಡಗಿರುವುದೆಂಬುದು ಅದಕ್ಕೆ ಸಮಾಧಾನ. ಪಾಠಶಾಲೆಯಲ್ಲಿ ಈ ಭಾಗವನ್ನು ಓದುವಾಗ ನಮ್ಮ ಗುರುಗಳು, ಉಂಡೆಯನ್ನು ಬಾಯಿಗೆ ಹಾಕಿಕೊಂಡವನಿಗೆ ಪಾಕ ಹಿಡಿದವರ ಕೈ ಕಾಣದಂತೆ ಸಮಾಸದಲ್ಲಿ ಕ್ರಿಯೆಯು ಕಾಣದು ಎಂದು ಹೇಳುತ್ತಿದ್ದರು. ಇಷ್ಟು ಸ್ಪಷ್ಟವಾದ ಉಪಮಾನವನ್ನು ಯಾವ ವ್ಯಾಖ್ಯಾನದಲ್ಲಿಯೂ ನಾವು ಕಂಡಿಲ್ಲ.

ಹಾಗಾದರೆ ಧಾನಾ ಎಂದರೇನು? ಅಮರಸಿಂಹನು ಹುರಿದ ಯವೆಯನ್ನು ಧಾನಾ ಎಂದು ಹೇಳಿ, ಆ ಶಬ್ದವನ್ನು ಸ್ತ್ರೀಲಿಂಗದ ಬಹುವಚನದಲ್ಲಿ ಪ್ರಯೋಗಿಸಿದ್ದಾನೆ. ಲಾಜಶಬ್ದವೂ ಪುಲ್ಲಿಂಗದ ಬಹುವಚನದಲ್ಲಿಯೇ. ಹುರಿದ ಕಾಳು ಒಂದೊಂದಾಗಿ ಬಿಡಿಬಿಡಿಯಾಗಿ ನಿಲ್ಲುವುದರಿಂದ ಈ ಬಹುವಚನವು ಬಂದಿರಬೇಕು. ಬೆಂದ ಅನ್ನವಾದರೋ ಒಂದಕ್ಕೊಂದು ಅಂಟಿಕೊಂಡು ಒಂದೇ ರಾಶಿಯಾಗುತ್ತದೆ. ಧಾನ್ಯಶಬ್ದದಿಂದ ಧಾನೆಯನ್ನು ಬೇರ್ಪಡಿಸುವುದು ಬೆಂಕಿ. ಈ ಭಕ್ಷ್ಯದ ಪ್ರಾಚೀನತೆಯನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಋಗ್ವೇದದ ಮೂರನೆಯ ಮಂಡಲದ 52ನೆಯ ಸೂಕ್ತದಲ್ಲಿ ಇಂದ್ರನಿಗೆ ಸೋಮದೊಡನೆ ಧಾನಾ, ಕರಂಭ, ಅಪೂಪಗಳು ಅರ್ಪಿತವಾಗುತ್ತವೆ. ಹತ್ತನೆಯ ಮಂಡಲದ 71ನೆಯ ಸೂಕ್ತದಲ್ಲಿ ಧೀರರು ಮಾತನ್ನು ಮನಸ್ಸಿನಿಂದ ಶೋಧಿಸುವುದನ್ನು ಜರಡಿಯಿಂದ ಸಕ್ತುವನ್ನು ಶೋಧಿಸುವುದಕ್ಕೆ ಹೋಲಿಸಿದೆ. ವ್ಯಾಕರಣಾಧ್ಯಯನದ ಪ್ರಯೋಜನಗಳನ್ನು ಎಣಿಸುವಾಗ ಪತಂಜಲಿಯು ಆ ಮಂತ್ರವನ್ನೇ ಎತ್ತಿಕೊಂಡು, ಅಂಟಿಕೊಳ್ಳುವುದೆಂಬ ಅರ್ಥದ ಧಾತುವಿನಿಂದ ಸಕ್ತುಶಬ್ದವನ್ನು ಸಾಧಿಸಿ, ಶುದ್ಧಿಪಡಿಸುವುದು ಕಷ್ಟವಾದದ್ದರಿಂದ ಅದಕ್ಕೆ ಆ ಹೆಸರೆಂದು ವಿವರಿಸಿದ್ದಾನೆ. ಭಾಷ್ಯವನ್ನು ಓದತೊಡಗಿದ ಬ್ರಹ್ಮಚಾರಿಯ ಕಿವಿಗೆ ಮೊದಲ ಆಹ್ನಿಕದಲ್ಲಿಯೇ ಹುರಿಹಿಟ್ಟಿನ ಜರಡಿಯ ಸದ್ದು ಬೀಳುತ್ತದೆಂದು ಹೇಳಬಹುದು.

ಪ್ರಕೃತ ವಿಚಾರಕ್ಕೆ ಮುಖ್ಯವಾದ ಸಂಗತಿ ಮುಂದಿನದು. ಸಕ್ತುಶಬ್ದವು ಹಿಂದಿಯಲ್ಲಿ ಸತ್ತೂ ಎಂದೂ ಮರಾಠಿಯಲ್ಲಿ ಸಾತೂ ಎಂದೂ ಇಂದಿಗೂ ಜೀವಂತವಾಗಿದೆ. ನಮ್ಮ ನಾಲ್ಕು ತಾಲ್ಲೂಕುಗಳ ಅಡಿಗೆಮನೆಯಲ್ಲಿ ಅದರ ತದ್ಭವವು ಕೇಳಿಬರುವುದಿಲ್ಲ. ಧಾನೆಯ ತದ್ಭವವೂ ಇಲ್ಲ, ಲಾಜದ ತದ್ಭವವೂ ಇಲ್ಲ. ವಿವಾಹದಲ್ಲಿ ಲಾಜಹೋಮವನ್ನು ಮಾಡಿಸುವ ಪುರೋಹಿತನು ಕೂಡ ಮಂತ್ರ ಮುಗಿದೊಡನೆ "ಅರಳು ತನ್ನಿ" ಎನ್ನುತ್ತಾನೆ. ದೇವತೆಗಳ ಹೆಸರು, ಹಬ್ಬಗಳ ಹೆಸರು, ಪಾಯಸ ಮೋದಕಗಳ ಹೆಸರು ಸಂಸ್ಕೃತದಿಂದ ಧಾರಾಳವಾಗಿ ಬಂದಿರುವ ಸೀಮೆಯಲ್ಲಿ ಇದೊಂದು ವರ್ಗದ ತಿನಿಸುಗಳು ಮಾತ್ರ ಅಚ್ಚಗನ್ನಡದ ಹೆಸರುಗಳನ್ನೇ ಉಳಿಸಿಕೊಂಡಿರುವುದು ಆಕಸ್ಮಿಕವಲ್ಲವೆಂದು ನಮ್ಮ ಅಭಿಪ್ರಾಯ. ಕಾಳನ್ನು ಹುರಿಯುವ ವಿದ್ಯೆಯನ್ನು ಈ ನಾಡಿಗೆ ಶಾಸ್ತ್ರಗಳು ತರಲಿಲ್ಲ. ಶಾಸ್ತ್ರವು ಬಂದಾಗ ಅದು ಇಲ್ಲಿ ಆಗಲೇ ಇದ್ದಿತು. ಯವೆಯ ಧಾನೆಯು ಬೆಳೆಯದ ಈ ನೆಲದಲ್ಲಿ ರಾಗಿಯ ಹುರಿಹಿಟ್ಟೂ ಭತ್ತದ ಅರಳೂ ಧಾನಾಲಾಜಗಳ ಸ್ಥಾನದಲ್ಲಿ ಕುಳಿತುವು.

ನೆಲದ ಗುಣವನ್ನು ಸ್ವಲ್ಪ ನೋಡಬೇಕು. ಚನ್ನರಾಯಪಟ್ಟಣದ ಕಡೆ ಮೈದಾನ, ರಾಗಿ, ಅದರ ಸಾಲುಗಳ ನಡುವೆ ಅಕ್ಕಡಿಯಾಗಿ ಹುಚ್ಚೆಳ್ಳು, ಅವರೆ, ತೋಟಗಳಲ್ಲಿ ತೆಂಗು. ಅರಕಲಗೂಡಿನಲ್ಲಿ ಕಾವೇರಿಯ ಕಟ್ಟೇಪುರದ ಅಣೆಯಿಂದಲೂ ಹೊಳೆನರಸೀಪುರದಲ್ಲಿ ಹೇಮಾವತಿಯ ಶ್ರೀರಾಮದೇವರ ಅಣೆಯಿಂದಲೂ ಹೊರಟ ಕಾಲುವೆಗಳ ಕೆಳಗೆ ಭತ್ತ. ಹಾಸನವು ಮಲೆನಾಡಿಗೂ ಬಯಲುಸೀಮೆಗೂ ನಡುವೆ ನಿಂತಿದೆ. ಹೀಗೆ ರಾಗಿಯ ಹುರಿಹಿಟ್ಟೂ ಭತ್ತದ ಅರಳೂ ಅವಲಕ್ಕಿಯೂ ಒಂದೇ ದಿನದ ನಡಿಗೆಯೊಳಗೆ ಸಂಧಿಸುವ ಪ್ರದೇಶವಿದು.

ಹುರಿಹಿಟ್ಟನ್ನು ಮಾಡುವ ಕ್ರಮವನ್ನು ವಿಸ್ತಾರವಾಗಿ ಹೇಳುವುದು ಈ ಪತ್ರಿಕೆಗೆ ಉಚಿತವೇ ಎಂದು ಕೆಲವರು ಕೇಳಬಹುದು. ಕ್ರಮವನ್ನು ತಿಳಿಯದೆ ಹೆಸರು ತಿಳಿಯದು, ಆದುದರಿಂದ ಹೇಳುತ್ತೇವೆ. ರಾಗಿಯನ್ನು ತೊಳೆದು ಕಲ್ಲು ಗಾಳಿಸಿ, ನೀರನ್ನು ಬಸಿದು, ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ಇಡುತ್ತಾರೆ. ಕೆಲವರು ಮಜ್ಜಿಗೆಯನ್ನು ಚಿಮುಕಿಸುವುದೂ ಉಂಟು. ಬೆಳಿಗ್ಗೆ ನೆರಳಿನಲ್ಲಿ ಹರವಿ ಮೇಲಿನ ಪಸೆಯನ್ನು ಮಾತ್ರ ಆರಿಸುತ್ತಾರೆ, ಒಳಗಿನ ತೇವವನ್ನಲ್ಲ. ಬಳಿಕ ಚೆನ್ನಾಗಿ ಕಾದ ಬಾಣಲೆಯಲ್ಲಿಯೋ ಮಣ್ಣಿನ ಓಡಿನಲ್ಲಿಯೋ ಒಂದೊಂದೇ ಹಿಡಿಯನ್ನು ಹಾಕಿ, ಎಡೆಬಿಡದೆ ಆಡಿಸುತ್ತ ಹುರಿದರೆ ಕೆಂಪುಕಾಳು ಬಿಳಿಯ ಹೂವಾಗಿ ಸಿಡಿಯುತ್ತದೆ. ಒಂದೇ ಸಲ ಹೆಚ್ಚು ಹಾಕಿದರೆ ಬಾಣಲೆಯು ತಣ್ಣಗಾಗಿ ಕಾಳು ಸಿಡಿಯದೆ ಸೀದುಹೋಗುವುದು. ಕಾಳಿನೊಳಗಿನ ತೇವವು ಆವಿಯಾಗಿ ಹೊರಬರಲು ದಾರಿಯಿಲ್ಲದೆ ಸಿಪ್ಪೆಯನ್ನು ಒಡೆಯುವುದೇ ಅರಳುವುದರ ರಹಸ್ಯ. ಈಚಿನ ಆಹಾರವಿಜ್ಞಾನಿಗಳು ರಾಗಿಯ ಈ ಗುಣವನ್ನು ಪರೀಕ್ಷಿಸಿ, ಕಾಳಿನಲ್ಲಿ ನೂರಕ್ಕೆ 18ರಿಂದ 20ರಷ್ಟು ತೇವವಿದ್ದಾಗ ಅದು ಅತ್ಯಂತ ಚೆನ್ನಾಗಿ ಅರಳುವುದೆಂದು ಕಂಡಿದ್ದಾರೆ. ಅಂಗೈಯಲ್ಲಿ ಹಿಡಿದು ನೋಡಿ "ಇನ್ನೂ ಆರಬೇಕು" ಎಂದು ಹೇಳುವ ಅಜ್ಜಿಯರ ಅಳತೆಯು ಇದೇ. ಹೀಗೆ ಅರಳಿದ ರಾಗಿಯನ್ನು ಬೀಸಿ, ಸಿಪ್ಪೆಯ ತರಿಯನ್ನು ಜರಡಿಯಿಂದ ತೆಗೆಯುತ್ತಾರೆ. ತರಿಯು ಹಿಟ್ಟಿಗೆ ಅಂಟಿಕೊಂಡು ಸುಲಭವಾಗಿ ಬಿಡುವುದಿಲ್ಲ. ಪತಂಜಲಿಯು ಹೇಳಿದ ನಿರ್ವಚನವು ಯವೆಯ ಸಕ್ತುವಿಗೆ ಎಷ್ಟು ಸಲ್ಲುವುದೋ ರಾಗಿಯದಕ್ಕೂ ಅಷ್ಟೇ ಸಲ್ಲುತ್ತದೆ. ಬೆಲ್ಲ, ಕಾಯಿತುರಿ, ತುಪ್ಪ, ಏಲಕ್ಕಿಗಳೊಡನೆ ಕಲಸಿದರೆ ಮಕ್ಕಳಿಗೆ ತಿಂಡಿ. ಮಜ್ಜಿಗೆ ಉಪ್ಪಿನೊಡನೆ ಕದಡಿದರೆ ಹೊಲಕ್ಕೆ ಹೋಗುವವನಿಗೆ ಊಟ. ಮೊಸರಿನಲ್ಲಿ ಕಲಸಿದ ಸಕ್ತುವಿಗೆ ಅಮರನು ಕರಂಭವೆಂದು ಹೆಸರಿಟ್ಟಿದ್ದಾನೆ.

ಅರಳು ಎಂಬ ಶಬ್ದದ ಸೊಗಸನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆವು. ಹೊಟ್ಟಿನೊಡನೆ ಇರುವ ಭತ್ತವನ್ನು ಕಾದ ಬಾಣಲೆಯಲ್ಲಿ ಹಾಕಿದಾಗ ಹೊಟ್ಟು ಬಿಚ್ಚಿ ಬಿಳಿಯ ಎಸಳು ಹೊರಕ್ಕೆ ಚಾಚುತ್ತದೆ. ಸಂಸ್ಕೃತವು ಇದನ್ನು ಹುರಿಯುವ ಕ್ರಿಯೆಯಿಂದ ನೋಡಿತು. ಕನ್ನಡವು ಹೂವಿನ ಕಡೆಯಿಂದ ನೋಡಿತು. ಕಾಳಿದಾಸನು ರಘುವಂಶದ ಎರಡನೆಯ ಸರ್ಗದಲ್ಲಿ, ದಿಲೀಪನು ಕಾಡಿನಲ್ಲಿ ನಡೆಯುವಾಗ ಎಳೆಯ ಬಳ್ಳಿಗಳು ಅವನ ಮೇಲೆ ಹೂವನ್ನು ಸುರಿಸಿದುದನ್ನು, ಪುರಕನ್ಯೆಯರು ಆಚಾರದ ಲಾಜಗಳನ್ನು ಎರಚುವುದಕ್ಕೆ ಹೋಲಿಸಿದ್ದಾನೆ. ಲಾಜವೆಂದರೆ ಅಕ್ಕಿಯೆಂದು ತಿಳಿದ ವಿದ್ಯಾರ್ಥಿಗೆ ಈ ಉಪಮೆಯಲ್ಲಿ ಅರ್ಧವು ನಷ್ಟವಾಗುತ್ತದೆ; ಮೇಲಿಂದ ಬೀಳುವುದೆಂಬ ಒಂದೇ ಸಾಧರ್ಮ್ಯವು ಉಳಿದು, ಬಿಳುಪು, ಹಗುರ, ಅರಳುವಿಕೆ ಇವು ಮರೆಯಾಗುತ್ತವೆ. ಕನ್ನಡದಲ್ಲಿ ಹೇಳುವ ಅಧ್ಯಾಪಕನಿಗೆ ಉಪಮಾನೋಪಮೇಯಗಳೆರಡಕ್ಕೂ ಒಂದೇ ಶಬ್ದವು ದೊರೆಯುತ್ತದೆ. ಇಂತಹ ಲಾಭವು ಬೇರೆ ಭಾಷೆಯವರಿಗೆ ಇದೆಯೋ ಎಂದು ನಾವು ಕೇಳಿದರೆ ಅದನ್ನು ಅಭಿಮಾನವೆಂದು ವಾಚಕರು ಕ್ಷಮಿಸಬೇಕು.

ಪುರಿ ಅಥವಾ ಮಂಡಕ್ಕಿಯು ಅರಳಲ್ಲ. ಅದು ಭತ್ತವನ್ನು ಕುದಿಸಿ ಒಣಗಿಸಿ ಕುಟ್ಟಿದ ಕುಸುಬಲಕ್ಕಿಗೆ ಉಪ್ಪುನೀರು ತೋರಿಸಿ, ಭಟ್ಟಿಯ ಕಾದ ಮರಳಿನಲ್ಲಿ ಉಬ್ಬಿಸಿದುದು. ಹೊಟ್ಟಿನಿಂದ ಬಿಚ್ಚಿಕೊಂಡದ್ದಲ್ಲ, ಹೊಟ್ಟು ಹೋದಮೇಲೆ ಉಬ್ಬಿದ್ದು. ಪೇಟೆಯಲ್ಲಿ ಅರಳು ಸಿಕ್ಕದೆ ಮಂಡಕ್ಕಿಯಿಂದಲೇ ಲಾಜಹೋಮವನ್ನು ನಡೆಯಿಸುವುದು ಪದಾರ್ಥದ ದೃಷ್ಟಿಯಿಂದ ಪ್ರತಿನಿಧಿಯೂ ಅಲ್ಲ, ಪ್ರತ್ಯಕ್ಷ ಅದಲುಬದಲು. ಹೆಸರಿನಲ್ಲಿಯೂ ಒಂದು ಕುತೂಹಲವಿದೆ. ಹಳಗನ್ನಡದ 'ಪುರಿ' ಎಂಬ ಧಾತುವು ಪಕಾರವು ಹಕಾರವಾಗುವ ನಿಯಮದಂತೆ 'ಹುರಿ' ಆಯಿತು. ಹುರಿಹಿಟ್ಟು, ಹುರಿಗಾಳು, ಹುರಿಗಡಲೆಗಳಲ್ಲಿ ಈ ಹೊಸ ರೂಪವೇ ಇದೆ. ನಾಮಪದವಾದ ಪುರಿಯು ಮಾತ್ರ ಪಕಾರವನ್ನು ಬಿಡಲಿಲ್ಲ. ತಮಿಳಿನಲ್ಲಿ ಅದೇ ಪದಾರ್ಥಕ್ಕೆ ಪೊರಿ ಎಂಬ ಹೆಸರಿರುವುದನ್ನೂ, ಪುರಿಯು ಮನೆಯ ಒಲೆಯದಲ್ಲದೆ ಭಟ್ಟಿಯ ಕಸುಬಿನದೆಂಬುದನ್ನೂ ಎಣಿಸಿದರೆ, ಅದು ಕಸುಬಿನವರೊಡನೆಯೂ ಸಂತೆಯೊಡನೆಯೂ ಸಂಚರಿಸಿದ ಶಬ್ದವೆಂದು ಊಹಿಸುವುದು ಯುಕ್ತ. ಮನೆಯೊಳಗಿನ ಮಾತು ಬದಲಾಯಿತು, ಪೇಟೆಯ ಮಾತು ನಿಂತಿತು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಷಷ್ಠಿಯ ತೇರಿಗೆ ಹೋದವರು ಇಂದಿಗೂ ಪುರಿಯನ್ನು ಕೊಂಡುತರುತ್ತಾರೆ. ಹುರಿಹಿಟ್ಟನ್ನು ಜಾತ್ರೆಯಲ್ಲಿ ಕೊಂಡವರನ್ನು ನಾವು ಕಂಡಿಲ್ಲ.

ಎಲ್ಲಕ್ಕಿಂತ ಹೆಚ್ಚು ವಿಚಾರಾರ್ಹವಾದುದು ತಂಬಿಟ್ಟು. ತಣ್ ಮತ್ತು ಪಿಟ್ಟು ಎಂಬ ಎರಡು ಪದಗಳು ಸೇರಿ ಈ ರೂಪವಾಗಿದೆಯೆಂದು ನಾವು ಭಾವಿಸುತ್ತೇವೆ. ತಂಗೂಳು, ತಂಗಾಳಿ ಎಂಬಲ್ಲಿಯೂ ಪೂರ್ವಪದವು ಇದೇ. ಆದರೆ ತಣ್ಣನೆಯ ಹಿಟ್ಟು ಎಂದರೇನು? ಎಲ್ಲ ಹಿಟ್ಟೂ ತಣ್ಣಗೇ ಇರುತ್ತದಲ್ಲವೆ? ಉತ್ತರವು ಆಚಾರದಲ್ಲಿದೆ. ನಾಗರಪಂಚಮಿಯಂದು ಹುತ್ತಕ್ಕೆ ತನಿ ಎರೆಯಲು ಹೋಗುವವರು ನೆನೆಯಿಟ್ಟ ಅಕ್ಕಿಯನ್ನು ಕುಟ್ಟಿ ಬೆಲ್ಲ ಬೆರಸಿದ ತಂಬಿಟ್ಟನ್ನೂ ಎಳ್ಳಿನ ಚಿಗಳಿಯನ್ನೂ ಒಯ್ಯುತ್ತಾರೆ. ಅಂದು ಬಾಣಲೆಯನ್ನು ಒಲೆಯ ಮೇಲೆ ಇಡದ ಮನೆಗಳು ಅನೇಕವಿವೆ. ತನಿ ಎಂಬುದೂ ತಂಪಿಗೆ ಸಂಬಂಧಪಟ್ಟ ಮಾತೇ. ಇನ್ನು ಗ್ರಾಮದೇವತೆಯ ಹಬ್ಬದಲ್ಲಿ ಹೆಂಗಸರು ತಲೆಯ ಮೇಲೆ ಹೊತ್ತು ತರುವ ತಂಬಿಟ್ಟಿನ ಆರತಿಯುಂಟು. ಅಕ್ಕಿಹಿಟ್ಟು ಬೆಲ್ಲಗಳನ್ನು ಮಿದ್ದು ಗೋಪುರದಂತೆ ಮಾಡಿ, ನೆತ್ತಿಯಲ್ಲಿ ಕುಳಿ ತೋಡಿ, ತುಪ್ಪದ ಬತ್ತಿಯನ್ನು ಹಚ್ಚಿ ದೇವಿಗೆ ಬೆಳಗಿ, ಬಳಿಕ ಅದನ್ನೇ ಪ್ರಸಾದವಾಗಿ ಹಂಚುತ್ತಾರೆ. ಮೂರನೆಯದು ಮನೆಯಲ್ಲಿ ತಿನ್ನಲು ಮಾಡುವುದು: ಹುರಿದ ಅಕ್ಕಿ, ಹುರಿಗಡಲೆಗಳ ಹಿಟ್ಟಿಗೆ ಹುರಿದ ಎಳ್ಳು, ಕಡಲೆಕಾಯಿ, ಕೊಬ್ಬರಿಯ ತುಣುಕುಗಳನ್ನು ಸೇರಿಸಿ ಬೆಲ್ಲದ ಪಾಕದಲ್ಲಿ ಕಟ್ಟಿದ ಉಂಡೆ. ಒಂದರಲ್ಲಿ ಹಿಟ್ಟು ಹಸಿ, ಇನ್ನೊಂದರಲ್ಲಿ ಹುರಿದದ್ದು. ಆದರೂ ಹೆಸರು ಒಂದೇ. ಇವುಗಳಲ್ಲಿ ಸಮಾನವಾದುದು ಯಾವುದೆಂದರೆ, ಹಿಟ್ಟನ್ನು ನೀರಿನಲ್ಲಿ ಬೇಯಿಸದಿರುವುದು. ಮುದ್ದೆಯ ಹಿಟ್ಟು ಕುದಿಯುವ ಎಸರಿಗೆ ಬೀಳುತ್ತದೆ. ತಂಬಿಟ್ಟು ಎಸರನ್ನು ಕಾಣದು. ತಣ್ ಎಂಬುದಕ್ಕೆ ಇಲ್ಲಿ ಶೈತ್ಯವಲ್ಲ, ಎಸರಿನ ಸಂಪರ್ಕವಿಲ್ಲದಿರುವಿಕೆಯೇ ಅರ್ಥ.

ಈ ವಿಭಾಗವು, ಎಂದರೆ ನೀರಿನಲ್ಲಿ ಬೆಂದುದು, ಒಣಬೆಂಕ್ಯಲ್ಲಿ ಹುರಿದುದು ಎಂಬ ಭೇದವು, ಧರ್ಮಶಾಸ್ತ್ರದಲ್ಲಿಯೂ ಇದೆ. ಮನುವು ಐದನೆಯ ಅಧ್ಯಾಯದಲ್ಲಿ ಹಳಸಿದ ಅನ್ನವನ್ನು ನಿಷೇಧಿಸುವಾಗ, ಯವೆ ಗೋಧಿಗಳಿಂದಾದುದನ್ನೂ ಹಾಲಿನಿಂದಾದುದನ್ನೂ ಬಹುಕಾಲ ಇದ್ದರೂ ತಿನ್ನಬಹುದೆಂದು ಬಿಟ್ಟುಕೊಟ್ಟಿದ್ದಾನೆ. ಯಾಜ್ಞವಲ್ಕ್ಯನ ಮತವೂ ಹಾಗೆಯೇ. ಆ ಸ್ಮೃತಿಗೆ ಮಿತಾಕ್ಷರಾವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ವಿಕ್ರಮಾದಿತ್ಯನ ಕಲ್ಯಾಣದವನೆಂಬುದು ಪ್ರಸಿದ್ಧ. ಆಚಾರವಂತರ ಮನೆಗಳಲ್ಲಿ ಅನ್ನಕ್ಕೆ ಇರುವ ಮುಸುರೆಯ ನಿರ್ಬಂಧವು ಅರಳಿಗೂ ಹುರಿಹಿಟ್ಟಿಗೂ ಇಲ್ಲದಿರುವುದು ಇದೇ ತತ್ತ್ವದಿಂದ. ಜೈನರ ಆಚಾರದಲ್ಲಿ ಹಿಟ್ಟನ್ನು ಇಟ್ಟುಕೊಳ್ಳುವುದಕ್ಕೆ ಋತುವಿಗೆ ತಕ್ಕಂತೆ ದಿನಗಳ ಮಿತಿಯಿದ್ದು, ಮಳೆಗಾಲದಲ್ಲಿ ಅದು ಅತ್ಯಂತ ಕಡಮೆ. ಕಾರಣವನ್ನು ಧರ್ಮದಲ್ಲಿ ಹುಡುಕಿದರೂ ಸರಿ, ತೇವದಲ್ಲಿ ಹುಡುಕಿದರೂ ಸರಿ. ಕೆಡುವಿಕೆಯ ಭಯವು ಎರಡರಲ್ಲಿಯೂ ಒಂದೇ. ಹಾಸನದ ಹಾಸನಾಂಬೆಯ ಗುಡಿಯು ವರ್ಷಕ್ಕೊಮ್ಮೆ ಮಾತ್ರ ತೆರೆಯುವುದು. ಹಿಂದಿನ ವರ್ಷ ಇಟ್ಟ ನೈವೇದ್ಯವು ಹಳಸದೆ ಇರುವುದೆಂಬುದು ಅಲ್ಲಿಯ ಭಕ್ತರ ನಂಬಿಕೆ. ಅನ್ನವು ಒಂದು ದಿನವೂ ನಿಲ್ಲದೆಂಬುದನ್ನು ಬಲ್ಲ ಜನರಿಗೆ ಮಾತ್ರ ಇದು ಮಹಿಮೆಯಾಗಿ ಕಾಣುತ್ತದೆ. ಕನಕದಾಸರ ರಾಮಧಾನ್ಯಚರಿತೆಯಲ್ಲಿ ವ್ರೀಹಿಗೂ ನರೆದಲೆಗನಿಗೂ ಆದ ವಿವಾದವು ತೀರ್ಮಾನವಾದುದು ಕೂಡ, ಆರು ತಿಂಗಳು ಸೆರೆಯಲ್ಲಿಟ್ಟಾಗ ಯಾವುದು ಕೆಡದೆ ಉಳಿಯಿತೆಂಬುದರ ಮೇಲೆಯೇ. ರಾಗಿಯು ಹಗೇವಿನಲ್ಲಿ ವರ್ಷಗಟ್ಟಲೆ ಇರುವುದನ್ನು ಕಂಡ ನಾಡಿನಲ್ಲಿ ಹುಟ್ಟಿದ ಕಥೆಯದು.

ಗ್ರಂಥಸ್ಥವಾದ ಪಾಕವಿಧಿಗಳನ್ನು ಕುರಿತು ಸಂಕ್ಷೇಪವಾಗಿ ಹೇಳುತ್ತೇವೆ. ಸೂಪಶಾಸ್ತ್ರವನ್ನು ಬರೆದ ಮೂರನೆಯ ಮಂಗರಸನು ಅರಕಲಗೂಡಿಗೆ ನೆರೆಯಾದ ಚೆಂಗಾಳ್ವರ ಸೀಮೆಯವನು, ಸುಮಾರು 1508ರಲ್ಲಿದ್ದ ಜೈನಕವಿ. ಹಿಟ್ಟಿನ ಪಾಕಗಳಿಗೆ ಅವನು ಪ್ರತ್ಯೇಕವಾದ ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಆದರೆ ಅವನ ದೃಷ್ಟಿಯು ಸಿರಿವಂತರ ಅಡಿಗೆಮನೆಯದು. ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದುದು ವೈದ್ಯಗ್ರಂಥ. ಚರಕಸಂಹಿತೆಯ ಸೂತ್ರಸ್ಥಾನದ 23ನೆಯ ಅಧ್ಯಾಯದಲ್ಲಿ ಸಕ್ಕರೆ, ಹಿಪ್ಪಲಿ, ಎಣ್ಣೆ, ತುಪ್ಪ, ಜೇನು ಇವುಗಳನ್ನು ಸಮಭಾಗವಾಗಿ ತೆಗೆದುಕೊಂಡು ಇಮ್ಮಡಿ ಸಕ್ತುವನ್ನು ಸೇರಿಸಿದ ಮಂಥವೂ, ಖರ್ಜೂರ, ಒಣದ್ರಾಕ್ಷಿ, ದಾಳಿಂಬೆ, ನೆಲ್ಲಿ ಮೊದಲಾದುವುಗಳ ಮಂಥವೂ ಉಕ್ತವಾಗಿವೆ. ಮಂಥವು ಕದಡಿ ಕುಡಿಯುವಂಥದು, ಕಡಿದು ತಿನ್ನುವಂಥದಲ್ಲ. ಆದರೂ ಹುರಿದ ಧಾನ್ಯ, ಸಿಹಿ, ಜಿಡ್ಡು, ಒಣಹಣ್ಣು ಎಂಬ ನಾಲ್ಕರ ಕೂಟವು ಅಲ್ಲಿ ಆಗಲೇ ಕಾಣುತ್ತದೆ. ಬರಿಯ ಸಕ್ತುವನ್ನು ತಿನ್ನಬಾರದೆಂದು ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲಿ ವಾಗ್ಭಟನು ಎಚ್ಚರಿಸಿದ್ದಾನೆ. ಒಣಹಿಟ್ಟನ್ನು ಬಾಯಿಗೆ ಹಾಕಿಕೊಂಡು ನೆತ್ತಿಹತ್ತಿದವರಿಗೆ ಇದರ ಕಾರಣವನ್ನು ವಿವರಿಸಬೇಕಾಗಿಲ್ಲ.

ಕಡಿದು ತಿನ್ನುವ ಗುಣವು, ಗರಿಗರಿತನವು, ಪಾಕದಿಂದ ಬರುತ್ತದೆ. ಬೆಲ್ಲವನ್ನು ಕೊಂಚ ನೀರಿನಲ್ಲಿ ಕರಗಿಸಿ ಶೋಧಿಸಿ ಕುದಿಸುವಾಗ ಮೊದಲು ಎಳೆಪಾಕ, ಬಳಿಕ ಉಂಡೆಪಾಕ, ಕೊನೆಗೆ ಗಟ್ಟಿಪಾಕ. ತಟ್ಟೆಯ ನೀರಿಗೆ ಒಂದು ತೊಟ್ಟು ಬಿಟ್ಟಾಗ ಅದು ಕರಗದೆ ಬೆರಳಿಗೆ ಮೆತ್ತನೆಯ ಉಂಡೆಯಾಗಿ ಬಂದರೆ ತಂಬಿಟ್ಟಿಗೆ ಸಾಕು. ತಟ್ಟೆಗೆ ಎಸೆದಾಗ ಟಣ್ಣೆಂದರೆ ಕಡಲೆಕಾಯಿಯ ಮಿಠಾಯಿಗೂ ಪುರಿಯುಂಡೆಗೂ ಒದಗುತ್ತದೆ. ಪಾಕದಲ್ಲಿ ನೀರು ಉಳಿದರೆ ಹುರಿದ ಕಾಳು ಅದನ್ನು ಹೀರಿ ಮೆತ್ತಗಾಗುವುದು. ಹುರಿಯುವಾಗ ಕಷ್ಟಪಟ್ಟು ಓಡಿಸಿದ ನೀರನ್ನು ಬೆಲ್ಲದ ಮೂಲಕ ಮರಳಿ ಕರೆತಂದಂತೆ ಆಗುತ್ತದೆ. ಬೆಲ್ಲವು ತಾನೇ ಗಾಳಿಯ ತೇವವನ್ನು ಎಳೆದುಕೊಳ್ಳುವ ಸ್ವಭಾವದ್ದು. ಆದುದರಿಂದಲೇ ಉಂಡೆಗಳಿಗೆ ಬಿಗಿಮುಚ್ಚಳದ ಡಬ್ಬಿ, ಆಷಾಢಕ್ಕಿಂತ ಮಾಘದಲ್ಲಿ ಹೆಚ್ಚು ಗರಿ.

ಪಾಕವಿಲ್ಲದೆ ಬೆರಸುವ ಪದ್ಧತಿಯೊಂದಿದೆ. ಅದು ಸಂಕ್ರಾಂತಿಯ ಎಳ್ಳುಬೆಲ್ಲ. ಹುರಿದ ಬಿಳಿಯ ಎಳ್ಳು, ಸಣ್ಣಗೆ ಹೆಚ್ಚಿದ ಬೆಲ್ಲ, ಕೊಬ್ಬರಿ, ಹುರಿಗಡಲೆ, ಹುರಿದು ಸಿಪ್ಪೆ ತೆಗೆದ ಕಡಲೆಕಾಯಿಬೀಜ. ಬೆಲ್ಲವನ್ನೂ ಕೊಬ್ಬರಿಯನ್ನೂ ಹಬ್ಬಕ್ಕೆ ಮುಂಚೆ ಹಲವು ದಿನ ಬಿಸಿಲಿನಲ್ಲಿ ಒಣಗಿಸುವುದು ಮೇಲೆ ಹೇಳಿದ ಕಾರಣದಿಂದಲೇ. ಇಲ್ಲಿ ವೈಯಾಕರಣರ ಗಮನಕ್ಕೆ ಒಂದು ಮಾತು. ಗುಡಧಾನೆಯು ತತ್ಪುರುಷ, ಅಲ್ಲಿ ಧಾನೆಯೇ ಪ್ರಧಾನ, ಗುಡವು ಬೆರಕೆ. ಎಳ್ಳುಬೆಲ್ಲವು ದ್ವಂದ್ವ, ಎಳ್ಳೂ ಪ್ರಧಾನ, ಬೆಲ್ಲವೂ ಪ್ರಧಾನ. ಪಾಕದಲ್ಲಿ ಕರಗಿದ ಬೆಲ್ಲವು ಅಧೀನವಾಗುತ್ತದೆ, ತುಣುಕಾಗಿ ಉಳಿದ ಬೆಲ್ಲವು ಸಮಾನವಾಗಿ ನಿಲ್ಲುತ್ತದೆ. ಹೆಸರಿಟ್ಟವರು ವ್ಯಾಕರಣವನ್ನು ಓದಿರಲಿಲ್ಲ, ಆದರೆ ತಿಂದಿದ್ದರು.

ಈ ಕೂಟದ ಘಟಕಗಳೆಲ್ಲವೂ ಸಮಾನವಾಗಿ ಪ್ರಾಚೀನವೆಂದು ಭ್ರಮಿಸಬಾರದು. ಎಳ್ಳು, ಬೆಲ್ಲ, ಕಡಲೆಗಳು ಹಳೆಯವು. ಕೊಬ್ಬರಿಯು ಈ ಸೀಮೆಗೆ ಸಹಜವಾದ ಒಣಫಲ: ಬಲಿತ ತೆಂಗಿನಕಾಯಿಯನ್ನು ಸುಲಿಯದೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು, ಒಳಗಿನ ನೀರು ಇಂಗಿ ಗಿಟುಕು ಚಿಪ್ಪಿನಿಂದ ಬಿಟ್ಟು ಗಡಗಡನೆ ಅಲುಗುವವರೆಗೆ ಕಾಯುತ್ತಾರೆ, ಚನ್ನರಾಯಪಟ್ಟಣ, ಅರಸೀಕೆರೆಗಳ ಕೊಬ್ಬರಿಗೆ ನೆರೆಯ ತಿಪಟೂರು ಪ್ರಸಿದ್ಧವಾದ ಪೇಟೆ. ಕಡಲೆಕಾಯಿಯಾದರೋ ಅಮೆರಿಕಾಖಂಡದ ಬೆಳೆ. ಪೋರ್ಚುಗೀಸರು ಹಿಂದೂ ಮಹಾಸಾಗರಕ್ಕೆ ಬಂದಮೇಲೆ ಮಾತ್ರ ಅದು ನಮ್ಮ ನಾಡನ್ನು ಸೇರಲು ಸಾಧ್ಯ. ಹೊಸದಾಗಿ ಬಂದ ಬೀಜಕ್ಕೆ ಜನರು ಹೊಸ ಹೆಸರನ್ನು ಹುಡುಕಲಿಲ್ಲ; ಹಳೆಯ ಕಡಲೆಗೇ 'ಕಾಯಿ' ಎಂಬುದನ್ನು ಸೇರಿಸಿದರು. ಗೋಡಂಬಿಯ ಕಥೆಯೂ ಹೀಗೆಯೇ. ಅದರ ಮರವು ಬ್ರೆಜಿಲ್ ದೇಶದ್ದು. ನಮ್ಮ ಕಾಡಿನ ಕರಿಗೇರಿನ ಹೋಲಿಕೆಯಿಂದ ಅದಕ್ಕೆ ಗೇರು ಎಂದು ಹೆಸರಾಯಿತೆಂದು ತೋರುತ್ತದೆ, ಮರಾಠಿಯಲ್ಲಿ ಗೋಡಂಬಿಯೆಂದರೆ ಇಂದಿಗೂ ಕರಿಗೇರಿನ ತಿರುಳೇ. ಒಣದ್ರಾಕ್ಷಿ, ಉತ್ತುತ್ತೆಗಳು ವರ್ತಕರ ಮೂಲಕ ಬಂದುವು; ಈ ನಾಲ್ಕು ತಾಲ್ಲೂಕುಗಳ ನೆಲದವಲ್ಲ.

ಈಗ ಪಟ್ಟಣದ ಅಂಗಡಿಗಳಲ್ಲಿ 'ಗ್ರನೋಲ' ಎಂಬ ಹೆಸರಿನ ಪೊಟ್ಟಣಗಳು ದೊರೆಯುತ್ತಿವೆ. ಓಟ್ಸ್ ಎಂಬ ಧಾನ್ಯದ ಅವಲಕ್ಕಿಯನ್ನು ಜೇನಿನಲ್ಲಿಯೋ ಸಕ್ಕರೆಯ ಪಾಕದಲ್ಲಿಯೋ ಎಣ್ಣೆಯೊಡನೆ ಬೆರಸಿ, ಒಲೆಯ ಒಣಶಾಖದಲ್ಲಿ ಗರಿಯಾಗಿಸಿ, ಬಾದಾಮಿ, ಗೋಡಂಬಿ, ಒಣಹಣ್ಣುಗಳನ್ನು ಸೇರಿಸಿದ ತಿನಿಸು ಅದು. ಹಣ್ಣನ್ನು ಕೊನೆಯಲ್ಲಿ ಸೇರಿಸುತ್ತಾರೆ, ಮೊದಲೇ ಹಾಕಿದರೆ ಅದು ಕಲ್ಲಾಗುವುದು. ಮನೆಯಲ್ಲಿ ಇದನ್ನು ಮಾಡಿಕೊಳ್ಳುವ ತರುಣಿಯರು ಹಾಸನದಲ್ಲಿಯೂ ಇದ್ದಾರೆ. ಅವರ ಕೈಗೆ ಬಂದಿರುವ ವಿದ್ಯೆಯು ಅಜ್ಜಿಯರದೇ, ಹೆಸರು ಮಾತ್ರ ಬೇರೆ. ಹೆಸರಿನ ಪೂರ್ವೋತ್ತರವು ಹೀಗೆ: ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಡ್ಯಾನ್ಸ್‌ವಿಲ್ ಎಂಬ ಊರಿನಲ್ಲಿ ಜೇಮ್ಸ್ ಕ್ಯಾಲೆಬ್ ಜ್ಯಾಕ್ಸನ್ ಎಂಬ ವೈದ್ಯನು 1863ರಲ್ಲಿ ಗೋಧಿಯ ಹಿಟ್ಟನ್ನು ಸುಟ್ಟು ಪುಡಿಮಾಡಿ ಮತ್ತೆ ಸುಟ್ಟು 'ಗ್ರನ್ಯುಲ' ಎಂಬ ತಿನಿಸನ್ನು ಮಾಡಿದನು, ಅದು ರಾತ್ರಿಯಿಡೀ ಹಾಲಿನಲ್ಲಿ ನೆನೆಯದೆ ಹಲ್ಲಿಗೆ ಬಗ್ಗುತ್ತಿರಲಿಲ್ಲ. ಜಾನ್ ಹಾರ್ವೆ ಕೆಲಾಗ್ ಎಂಬ ಮತ್ತೊಬ್ಬ ವೈದ್ಯನು ಅಂಥದನ್ನೇ ಅದೇ ಹೆಸರಿನಿಂದ ಮಾಡಹೋಗಿ, ವ್ಯಾಜ್ಯವೆದ್ದುದರಿಂದ ಒಂದು ಸ್ವರವನ್ನು ಬದಲಿಸಿ ಗ್ರನೋಲವೆಂದನು. ಒಣಹಣ್ಣುಗಳು ಸೇರಿದ ಇಂದಿನ ರೂಪವು 1960ರ ಈಚಿನದು. ನ್ಯಾಯಾಲಯಕ್ಕೆ ಹೆದರಿ ಹುಟ್ಟಿದ ಹೆಸರಿನಲ್ಲಿ ಹುರಿದದ್ದು, ಬೆರಸಿದ್ದು ಎಂಬ ಅರ್ಥವನ್ನು ಹುಡುಕುವುದು ವ್ಯರ್ಥ. 'ಸಣ್ಣ ಹರಳು' ಎಂಬುದಷ್ಟೇ ಅದರೊಳಗಿದೆ.

ಇದಕ್ಕೆ ಕನ್ನಡದಲ್ಲಿ ಯಾವ ಹೆಸರನ್ನು ಹೇಳಬೇಕೆಂದು ಅಧ್ಯಾಪಕಮಿತ್ರರೊಬ್ಬರು ನಮ್ಮನ್ನು ಕೇಳಿದರು. 'ಗುಡಹುರಿ' ಎಂದರೆ ಅರಿಸಮಾಸದ ದೋಷ ಬರುತ್ತದೆ. 'ಗುಡಧಾನೆ'ಯು ನಿರ್ದುಷ್ಟವಾದರೂ ಅಂಗಡಿಯವನಿಗೆ ತಿಳಿಯದು. ಪೊಟ್ಟಣದ ಮೇಲಿನ ಹೆಸರನ್ನು ಕೊಳ್ಳುವವರಿಗೂ ಮಾರುವವರಿಗೂ ಬಿಟ್ಟು, ಕಾಶಿಕೆಯನ್ನು ಪಾಠಹೇಳುವಾಗ 'ಗುಡಧಾನಾಃ' ಎಂಬುದಕ್ಕೆ 'ಬೆಲ್ಲದ ಹುರಿಗಾಳು' ಎಂದೂ, ರಘುವಂಶದ 'ಲಾಜ'ಕ್ಕೆ 'ಅರಳು' ಎಂದೂ ಹೇಳಿದರೆ ಸಾಕೆಂದು ಅವರಿಗೆ ಉತ್ತರವನ್ನು ಕೊಟ್ಟಿದ್ದೇವೆ. ಸಾಧ್ಯವಾದಲ್ಲಿ ಒಂದು ಹಿಡಿ ಭತ್ತವನ್ನು ತರಗತಿಗೆ ಒಯ್ದು, ವಿದ್ಯಾರ್ಥಿಗಳ ಎದುರಿನಲ್ಲಿಯೇ ಹುರಿದು ತೋರಿಸಬಹುದು. ಬಾಣಲೆಗೆ ಒಂದು ಮುಚ್ಚಳವನ್ನೂ ಒಯ್ಯಬೇಕು; ಅರಳು ಸಿಡಿಯುತ್ತದೆ.